ಎಡಗಡೆಯ ಸ್ಪೀಕರ್

ಜನವರಿ ೯

ಪ್ರೀತಿಯ ತರಲೆ,

ಕೆಲಸ ಬಿದ್ದಾಗ ಮಾತ್ರ ಅಕ್ಕನಿಗೆ ತಂಗಿ ನೆನಪಾಗುತ್ತಾಳೆ ಎಂದು ನೀನು ಅನ್ನುತ್ತೀಯ. ಅನ್ನು. ಕೆಲಸ ಬಿದ್ದಿದೆ, ನೆನಪೂ ಆಗಿದೆ.

ನನ್ನ ಕಂಪ್ಯೂಟರ್‌ಗೆ ಒಂದು ಜೊತೆ ಒಳ್ಳೆಯ ಸ್ಪೀಕರ್ ಬೇಕು. ಅದರ ಜೊತೆಗೆ ಆಂಪ್ಲಿಫೈಯರ್ ಅಂತ ಇನ್ನೊಂದು ಡಬ್ಬವೂ ಬೇಕಾಗುತ್ತದೆ ಎಂದು ಅಂಗಡಿಯವನು ಹೇಳಿದ. ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ ಗೊತ್ತಿಲ್ಲ. ನಾಟಕ ತಂಡದ ಸೌಂಡ್ ನೋಡಿಕೊಳ್ಳುವ ತಂಗಿಯನ್ನು ಇಟ್ಟುಕೊಂಡು ಅವನ ಕೈಲಿ ಟೋಪಿ ಹಾಕಿಸಿಕೊಳ್ಳುವುದು ಯಾಕೆ ಎಂದು ನಿನಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಕಾರ್ಖಾನೆಗಳಲ್ಲಿ ಅಪಘಾತವಾದರೆ ವಿಚಾರಣೆ ಮಾಡುತ್ತಾರಲ್ಲ, ಆ ಕಚೇರಿಯವರು ಈಗ ನಮ್ಮನ್ನೆಲ್ಲ ಮನೆಯಿಂದಲೇ ಟೈಪ್ ಮಾಡಿ ಎಂದು ಕಳಿಸಿಬಿಟ್ಟಿದ್ದಾರೆ. ಕುರ್ಚಿ ನಮ್ಮದು, ಕರೆಂಟು ನಮ್ಮದು, ಬೆನ್ನುನೋವು ಮೊದಲಿನಿಂದಲೂ ನಮ್ಮದೇ. ಅವರು ರೆಕಾರ್ಡಿಂಗ್ ಕಳಿಸುತ್ತಾರೆ, ನಾನು ಕೇಳಿ ಟೈಪ್ ಮಾಡಿ ಕಳಿಸುತ್ತೇನೆ. ಪ್ರಶ್ನೆ ಕೇಳುವ ಅಧಿಕಾರಿಯ ಮೈಕ್ ಬಲಗಡೆ ಬರುತ್ತದೆ, ಪೆಟ್ಟು ತಿಂದವರ ಮೈಕ್ ಎಡಗಡೆ. ಈಗ ಕೆಲವು ತಿಂಗಳಿಂದ ಎಡಗಡೆಯದು ನನಗೆ ಸರಿಯಾಗಿ ಕೇಳಿಸುತ್ತಿಲ್ಲ. ಹೆಡ್‌ಫೋನ್ ತಗೋ ಅಂತ ನೀನು ಹೇಳುವ ಮೊದಲೇ ಹೇಳಿಬಿಡುತ್ತೇನೆ, ಎರಡು ಹೆಡ್‌ಫೋನ್ ಎಸೆದಿದ್ದೇನೆ. ಎರಡರದ್ದೂ ಎಡಗಡೆಯೇ ಕೈಕೊಟ್ಟಿತು. ಈಗಿನ ಸಾಮಾನೇ ಹಾಗೆ.

ಮೊನ್ನೆ ನಮ್ಮ ಮೇಲ್ವಿಚಾರಕಿ ಮೇಡಂ ಒಂದು ಕಟ್ಟು ಪುಟ ವಾಪಸ್ ಕಳಿಸಿದರು. "ನಿಮ್ಮ ಪುಟದಲ್ಲಿ ಪ್ರಶ್ನೆಗಳು ಪೂರ್ತಿ ಇವೆ. ಉತ್ತರದ ಜಾಗದಲ್ಲೆಲ್ಲ 'ಸರಿಯಾಗಿ ಕೇಳಿಸುತ್ತಿಲ್ಲ' ಅಂತ ಹಾಕಿದ್ದೀರಿ. ಪ್ರಶ್ನೆ ಏನು ಅಂತ ನಮಗೆ ಮೊದಲೇ ಗೊತ್ತಿತ್ತು" ಎಂದು ಬರೆದಿದ್ದರು. ಓದಿ ನಗು ಬಂತು, ಆಮೇಲೆ ಬರಲಿಲ್ಲ. ನಿನ್ನ ಭಾವನ ಪ್ರೆಸ್‌ನಲ್ಲಿ ಒಂದು ಪಾಳಿ ನಿಲ್ಲಿಸಿದ್ದಾರೆ. ಮನೆ ಈಗ ನನ್ನ ಬೆರಳುಗಳ ಮೇಲೆ ನಿಂತಿದೆ. ಈ ಕೆಲಸ ಹೋಗಬಾರದು ಕಣೇ.

ಕೈಯಲ್ಲಿರುವುದು ಸ್ವಲ್ಪ. ಚಳಿಗೆ ಕೋಟು ಹೊಲಿಸಲು ಇಟ್ಟಿದ್ದು. ಅಷ್ಟರಲ್ಲಿ ಏನು ಬರುತ್ತದೆ ಹೇಳು. ಮತ್ತೆ, ವಾಯ್ಸ್ ಮೆಸೇಜ್ ಕಳಿಸಬೇಡ. ನನ್ನ ಫೋನಿನಲ್ಲಿ ನಿನ್ನ ಮಾತು ಗೊಣಗೊಣ ಅನ್ನುತ್ತದೆ. ಬರೆದು ಕಳಿಸು.

ನಿನ್ನ ಅಕ್ಕ


ಜನವರಿ ೧೫

ಅಕ್ಕಾ,

ವೈರು ಸುತ್ತೋದೂ ಒಂದು ಕೆಲಸಾನಾ ಅಂತ ಮೂಗು ಮುರೀತಿದ್ದವಳು ನೀನೇನಾ? ಇರಲಿ, ಸಂತೋಷ. ನಿನ್ನ ಕಾಗದ ಓದುವಾಗ ವೈರೇ ಸುತ್ತುತ್ತಿದ್ದೆ. ನಿನ್ನೆ ಆಟ ಮುಗಿದು ಇವತ್ತು ಲಾರಿ ತುಂಬಿಸಬೇಕು. ಭುಜ ನನ್ನದೋ ಬೇರೆಯವರದೋ ಗೊತ್ತಾಗ್ತಿಲ್ಲ. ಈ ಊರು ಬಿಟ್ಟು ಇನ್ನೊಂದು ಊರು, ಅಲ್ಲೂ ಒಂದು ಸಭಾಂಗಣ, ಅಲ್ಲೂ ಕೆಟ್ಟುಹೋದ ಪ್ಲಗ್ಗು.

ಈಗ ಪಾಠ. ಕಂಪ್ಯೂಟರ್‌ನಿಂದ ಹೊರಗೆ ಬರೋ ಸದ್ದು ಬಹಳ ಸಣ್ಣದು, ಒಂದು ದೊಡ್ಡ ಸ್ಪೀಕರನ್ನ ಅಲ್ಲಾಡಿಸೋಕೂ ಅದಕ್ಕೆ ಶಕ್ತಿ ಇರಲ್ಲ. ಆ ಶಕ್ತಿ ಕೊಡೋದು ಆಂಪ್ಲಿಫೈಯರ್. ಕೆಲವು ಸ್ಪೀಕರ್‌ಗಳ ಹೊಟ್ಟೆಯಲ್ಲೇ ಅದು ಇರುತ್ತೆ, ಕೆಲವಕ್ಕೆ ಹೊರಗಿನಿಂದ ಕೊಡಬೇಕು. ಹೊರಗಿನದೇ ಒಳ್ಳೆಯದು ನಿನಗೆ. ಒಂದು ಕೆಟ್ಟರೆ ಇನ್ನೊಂದಾದರೂ ಉಳಿಯುತ್ತೆ.

ಅಂಗಡಿಯವನು ಮೊದಲು ತೋರಿಸೋದು ಬಣ್ಣಬಣ್ಣದ ದೀಪ ಮಿನುಗೋ ಸೆಟ್ಟು. ಕೆಳಗೆ ಒಂದು ದೊಡ್ಡ ಡಬ್ಬ, ಸುತ್ತ ನಾಲ್ಕೈದು ಮರಿಗಳು, ಡಬ್ಬದ ಮೇಲೆ ಸಾವಿರ ವ್ಯಾಟ್ ಅಂತ ಬರೆದಿರುತ್ತೆ. ನಂಬಬೇಡ. ಆ ಸಾವಿರ ವ್ಯಾಟ್ ಡಬ್ಬದ ಮೇಲೆ ಮಾತ್ರ ಇರುತ್ತೆ. ಅದು ಢಮಢಮ ಅನ್ನುತ್ತೆ, ಕಿಟಕಿ ಗಾಜು ನಡುಗುತ್ತೆ, ಆದರೆ ಮನುಷ್ಯ ಏನು ಹೇಳಿದ ಅನ್ನೋದು ಗೊತ್ತಾಗಲ್ಲ. ನಿನಗೆ ಬೇಕಾಗಿರೋದು ಮಾತು. ಪುಸ್ತಕದ ಶೆಲ್ಫಿನಲ್ಲಿ ಹಿಡಿಯೋ ಅಷ್ಟು ಚಿಕ್ಕ, ಮರದ ಪೆಟ್ಟಿಗೆಯ ಒಂದು ಜೊತೆ ಹಳೇ ಸ್ಪೀಕರ್ ಹುಡುಕು. ರಿಪೇರಿ ಅಂಗಡಿಗಳಲ್ಲಿ ಧೂಳು ತಿಂತಾ ಬಿದ್ದಿರುತ್ತವೆ. ದುಡ್ಡಿನ ಮುಕ್ಕಾಲು ಪಾಲು ಅದಕ್ಕೆ ಹಾಕು. ಉಳಿದದ್ದರಲ್ಲಿ ಎರಡು ಕಡೆಗೆ ಮಾತ್ರ ಕೊಡೋ ಅಂಗೈಯಗಲದ ಆಂಪ್ಲಿಫೈಯರ್. ಮೇಜಿನ ಮೇಲೆ ನಿನ್ನ ಕಿವಿಯ ಎತ್ತರಕ್ಕೆ ಬರೋ ಹಾಗೆ, ಆ ಕಡೆ ಒಂದು ಈ ಕಡೆ ಒಂದು ಇಡು. ಎತ್ತರಕ್ಕೆ ಕೆಳಗೆ ಭಾವನ ದಪ್ಪ ಪುಸ್ತಕ ಕೊಡು. ಅವರು ಹೇಗೂ ಓದಲ್ಲ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಹಾಕಿಸಿ ಕೇಳು. ಹಾಡು ಹಾಕಿ ಮರುಳು ಮಾಡ್ತಾರೆ. ವಾರ್ತೆ ಹಾಕಿ ಅನ್ನು.

ತರಲೆ


ಫೆಬ್ರವರಿ ೨

ಪ್ರೀತಿಯ ತರಲೆ,

ಕೊಂಡೆ. ನೀನು ಹೇಳಿದ ಹಾಗೇ ಮರದ ಪೆಟ್ಟಿಗೆ, ಮುಂದೆ ಬೂದು ಬಟ್ಟೆ. ಒಂದು ಮೂಲೆ ಸ್ವಲ್ಪ ಒಡೆದಿದೆ. ಅದಕ್ಕೇ ಅಗ್ಗಕ್ಕೆ ಸಿಕ್ಕಿತು. ಅಂಗಡಿಯವನಿಗೆ "ವಾರ್ತೆ ಹಾಕಿ" ಎಂದೆ. ಮೇಲಿಂದ ಕೆಳಗೆ ನೋಡಿದ. ನಿನ್ನ ಭಾವ ಪಕ್ಕದಲ್ಲೇ ನಿಂತು ಏನೋ ಗೊತ್ತಿರುವವರ ಹಾಗೆ ಗಂಭೀರವಾಗಿ ತಲೆ ಆಡಿಸುತ್ತಿದ್ದರು. ಮನೆಗೆ ಬರುವಾಗ ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಒಂದೊಂದು ಸ್ಪೀಕರ್. ಮಕ್ಕಳನ್ನು ಕೂರಿಸಿಕೊಂಡ ಹಾಗೆ ಕೂತಿದ್ದೆವು. ಎದುರು ಸೀಟಿನ ಹೆಂಗಸು ನಗುತ್ತಿದ್ದಳು.

ಮೊದಲ ದಿನ ಎಷ್ಟು ಚೆನ್ನಾಗಿ ಕೇಳಿಸಿತು ಎಂದರೆ, ಅಧಿಕಾರಿ ಪುಟ ತಿರುಗಿಸುವ ಸದ್ದು ಕೂಡ ಕೇಳಿಸಿತು. ಖುಷಿಯಾಯಿತು. ಆದರೆ ಅದು ಬಲಗಡೆಯದು. ಎಡಗಡೆಯದು ಮಂಕು. ಬಾಯಿಗೆ ಟವೆಲ್ ಅಡ್ಡ ಹಿಡಿದು ಮಾತಾಡಿದ ಹಾಗೆ. ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಒಡೆದ ಮೂಲೆಯದೇ ಎಡಗಡೆಗೆ ಇಟ್ಟಿದ್ದೆ. ಅದರ ದೋಷವೇ ಇರಬೇಕು. ಅಂಗಡಿಯವನು ನನಗೆ ಟೋಪಿ ಹಾಕಿಯೇಬಿಟ್ಟ ನೋಡು.

ಮೇಡಂ ಫೋನ್ ಮಾಡಿದ್ದರು, ಗೊಣಗೊಣ ಅನ್ನುತ್ತದೆ ಎಂದು ಫೋನಿನ ಸ್ಪೀಕರ್ ಹಾಕಿಕೊಂಡು ಕೇಳಿದೆ. ಬೇಸಿಗೆ ಶುರುವಾಗುವವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ಅದೇ ಹೆದರಿಕೆಯಾಗಿದ್ದು.

ನಿನ್ನ ಅಕ್ಕ


ಫೆಬ್ರವರಿ ೬

ಅಕ್ಕಾ,

ಅಂಗಡಿಯವನನ್ನ ಈಗಲೇ ಬೈಬೇಡ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಆಟ ಶುರುವಾಗೋ ಹೊತ್ತಿಗೆ ಒಂದು ಕಡೆ ಸದ್ದು ಹೋದರೆ ನಾವು ಯಾವುದನ್ನೂ ಬಿಚ್ಚಲ್ಲ, ಯಾರನ್ನೂ ಬೈಯಲ್ಲ. ಎಡದ್ದನ್ನ ಬಲಕ್ಕೆ ಹಾಕ್ತೀವಿ, ಬಲದ್ದನ್ನ ಎಡಕ್ಕೆ. ಒಂದು ಸಲಕ್ಕೆ ಒಂದೇ ವಸ್ತು. ಅದರ ಜೊತೆಗೆ ತೊಂದರೆಯೂ ಆ ಕಡೆಗೆ ಹೋಯಿತು ಅಂದರೆ ಕಳ್ಳ ಅದೇ. ತೊಂದರೆ ಇದ್ದಲ್ಲೇ ಇದ್ದರೆ ಅದು ನಿರಪರಾಧಿ, ಮುಂದಿನದ್ದನ್ನ ಹಿಡಿ.

ನೀನು ಮೊದಲು ಆಂಪ್ಲಿಫೈಯರ್‌ಗೆ ಬರೋ ಎರಡು ವೈರು ಅದಲುಬದಲು ಮಾಡು. ಕೇಳು. ಬರೆದಿಟ್ಕೋ. ಅದನ್ನ ಮೊದಲಿನ ಹಾಗೆ ಮಾಡಿ, ಆಮೇಲೆ ಸ್ಪೀಕರ್ ಪೆಟ್ಟಿಗೆಗಳನ್ನ ಅದಲುಬದಲು ಮಾಡು. ಆತುರ ಬೇಡ, ಎರಡೂ ಒಟ್ಟಿಗೆ ಬದಲಾಯಿಸಿ ಆಮೇಲೆ ನನ್ನ ತಲೆ ತಿನ್ನಬೇಡ. ಭಾವನನ್ನೂ ಕೂರಿಸಿ ಕೇಳಿಸು. ಇಬ್ಬರಿದ್ದರೆ ಒಳ್ಳೆಯದು.

ಇಲ್ಲಿ ಮುಖ್ಯ ನಟನಿಗೆ ಗಂಟಲು ಕಟ್ಟಿದೆ. ಮೈಕ್ ಜಾಸ್ತಿ ಮಾಡು ಅಂತಾನೆ. ಇಲ್ಲದ ದನಿಯನ್ನ ನಾನು ಎಲ್ಲಿಂದ ತರಲಿ? ಸಾಕಾಗಿದೆ.

ತರಲೆ


ಫೆಬ್ರವರಿ ೧೮

ತರಲೆ,

ಹೇಳಿದ ಹಾಗೆ ಒಂದೊಂದೇ ಮಾಡಿದೆ.

ವೈರು ಬದಲಾಯಿಸಿದೆ. ಪೆಟ್ಟು ತಿಂದವರ ಮಾತು ಬಲಗಡೆ ಬಂತು, ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಅಧಿಕಾರಿಯ ಮಾತು ಎಡಗಡೆ ಹೋಯಿತು, ಮಂಕಾಯಿತು. ಅಂದರೆ ರೆಕಾರ್ಡಿಂಗ್ ಸರಿಯಾಗಿದೆ. ಆಮೇಲೆ ಪೆಟ್ಟಿಗೆ ಬದಲಾಯಿಸಿದೆ. ಒಡೆದ ಮೂಲೆಯದು ಬಲಗಡೆ ಬಂದು ಚೆನ್ನಾಗಿಯೇ ಹಾಡಿತು. ಚೆನ್ನಾಗಿದ್ದದ್ದು ಎಡಗಡೆ ಹೋಗಿ ಮಂಕಾಯಿತು. ಹಾಗಾದರೆ ಕಳ್ಳ ಆಂಪ್ಲಿಫೈಯರೇ. ಅಂಗಡಿಗೆ ಹೊತ್ತುಕೊಂಡು ಹೋದೆ. ಅವನು ಗೊಣಗಿಕೊಂಡು ಬೇರೆ ಕೊಟ್ಟ. ಅದೂ ಹಾಗೇ. ಎಡಗಡೆ ಮಂಕು. ಅವನ ಅಂಗಡಿಯ ಸಾಮಾನೆಲ್ಲ ಒಂದೇ ಜಾತಿ ಎಂದು ಕಾಣುತ್ತದೆ.

ನಿನ್ನ ಭಾವನನ್ನು ಕೂರಿಸಿ ಕೇಳಿಸಿದೆ. "ಎರಡೂ ಒಂದೇ ಥರ ಇದೆಯಲ್ಲೇ" ಎಂದರು. ಇನ್ನೊಮ್ಮೆ ಕೇಳಿ ಎಂದೆ. ಕಣ್ಣು ಮುಚ್ಚಿ ಕೇಳಿ, "ಒಂದೇ ಥರ" ಎಂದರು. ನನಗೆ ಸಿಟ್ಟು ಬಂತು. ಜೀವಮಾನವೆಲ್ಲ ಪ್ರೆಸ್ಸಿನ ಗದ್ದಲದಲ್ಲಿ ನಿಂತ ಕಿವಿ ಅದು, ಅದಕ್ಕೇನು ಗೊತ್ತಾಗುತ್ತದೆ? ಟಿವಿ ಸದ್ದು ಜಾಸ್ತಿಯಾಯಿತು ಎಂದು ನನ್ನ ಮೇಲೆ ಬೇರೆ ರೇಗುತ್ತಾರೆ. ಅವರ ಕಿವಿ ನಂಬಿ ಕೂತರೆ ಆಯಿತು.

ಸದ್ಯಕ್ಕೆ ಒಂದು ದಾರಿ ಮಾಡಿಕೊಂಡಿದ್ದೇನೆ. ರೆಕಾರ್ಡಿಂಗ್ ಪೂರ್ತಿ ಒಮ್ಮೆ ಕೇಳಿ ಪ್ರಶ್ನೆ ಟೈಪ್ ಮಾಡುತ್ತೇನೆ. ವೈರು ಬದಲಾಯಿಸಿ ಇನ್ನೊಮ್ಮೆ ಕೇಳಿ ಉತ್ತರ ಟೈಪ್ ಮಾಡುತ್ತೇನೆ. ಒಂದು ದಿನದ ಕೆಲಸ ಎರಡು ದಿನ ಹಿಡಿಯುತ್ತದೆ. ಯಾವ ಉತ್ತರ ಯಾವ ಪ್ರಶ್ನೆಗೆ ಎಂದು ಹೊಂದಿಸುವಷ್ಟರಲ್ಲಿ ತಲೆ ಗಿರ್ರೆನ್ನುತ್ತದೆ. "ಕೈ ಎಲ್ಲಿಟ್ಟಿದ್ದಿರಿ?" ಎಂಬ ಪ್ರಶ್ನೆಗೆ "ಹನ್ನೆರಡು ವರ್ಷದಿಂದ" ಎಂಬ ಉತ್ತರ ಅಂಟಿಸಿ ಕಳಿಸಿದ್ದೆ. ಮೇಡಂಗೆ ನಗು ಬರಲಿಲ್ಲ.

ಬಹಳ ದಣಿದಿದ್ದೇನೆ ಕಣೇ.

ಅಕ್ಕ


ಮಾರ್ಚ್ ೧

ಅಕ್ಕಾ,

ತಡವಾಯಿತು. ಪ್ರಯಾಣದಲ್ಲಿದ್ದೆ.

ಕೆಲವು ಸಲ ಕೋಣೆಯೇ ಆಟ ಆಡಿಸುತ್ತೆ. ಎಡಗಡೆ ದಪ್ಪ ಕರ್ಟನ್ನೋ ಬಟ್ಟೆ ಸ್ಟ್ಯಾಂಡೋ ಇದ್ದರೆ ಅದು ಸದ್ದು ಕುಡಿದುಬಿಡುತ್ತೆ. ಮೇಜನ್ನ ಎದುರು ಗೋಡೆಗೆ ಸರಿಸಿ ನೋಡು.

ನನ್ನದೇ ಒಂದು ಹಳೇ ಆಂಪ್ಲಿಫೈಯರ್ ನಿನ್ನ ಊರ ಕಡೆ ಹೋಗೋ ನಮ್ಮ ಲಾರಿ ಡ್ರೈವರ್ ಕೈಲಿ ಕಳಿಸ್ತಿದ್ದೀನಿ. ಕಬ್ಬಿಣದ ಹಾಗೆ ತೂಕ, ಭಾವ ಎತ್ತಲಿ. ಎಷ್ಟೋ ಊರಲ್ಲಿ ನನ್ನ ಮಾನ ಉಳಿಸಿರೋದು ಅದು. ಒಂದು ದಿನಕ್ಕೂ ಸುಳ್ಳು ಹೇಳಿಲ್ಲ. ಹಿಂದುಗಡೆ ಒಂದು ಚಿಕ್ಕ ಕೆಂಪು ಗುಂಡಿ ಇದೆ, ಅದನ್ನ ಮುಟ್ಟಬೇಡ. ಅದನ್ನ ಒತ್ತಿದರೆ ಎಡ ಬಲ ಎರಡೂ ಬೆರೆತು ಎರಡು ಕಡೆಯೂ ಒಂದೇ ಬರುತ್ತೆ. ಸಭಾಂಗಣದಲ್ಲಿ ನಾವು ಯಾವಾಗಲೂ ಒತ್ತೇ ಇಡ್ತೀವಿ, ಬಲಗಡೆ ಕೊನೇ ಕುರ್ಚಿಯಲ್ಲಿ ಕೂತವರಿಗೆ ಅರ್ಧ ನಾಟಕ ಕೇಳಿಸಬಾರದು ಅಂತ. ಈಗ ಪರೀಕ್ಷೆಗೆ ಅದು ಬೇಡ.

ಅಕ್ಕಾ, ನೀನು ಫೋನ್ ಯಾವ ಕಿವಿಗೆ ಹಿಡೀತೀಯ? ಸುಮ್ಮನೆ ಕೇಳಿದೆ.

ತರಲೆ


ಮಾರ್ಚ್ ೨೨

ತರಲೆ,

ನಿನ್ನ ಲಾರಿ ಡ್ರೈವರ್ ಬಂದು ಕಬ್ಬಿಣ ಇಳಿಸಿ, ಒಂದು ಟೀ ಕುಡಿದು, ನಿನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಹೋದ. ಊಟ ಸರಿಯಾಗಿ ಮಾಡುವುದಿಲ್ಲವಂತೆ ನೀನು.

ಮೇಜು ಎದುರು ಗೋಡೆಗೆ ಸರಿಸಿದೆವು. ಕಪಾಟು ಸರಿಸಬೇಕಾಯಿತು, ಕಪಾಟಿನ ಹಿಂದೆ ಜೇಡರ ಸಂಸಾರ. ಕರ್ಟನ್ ಬಿಚ್ಚಿ ಮಡಿಸಿಟ್ಟೆ. ನಿನ್ನ ಆಂಪ್ಲಿಫೈಯರ್ ಹಾಕಿದೆ. ಎಡಗಡೆ ಹಾಗೇ ಇದೆ. ಕೂದಲೆಳೆಯಷ್ಟೂ ಬದಲಾಗಿಲ್ಲ. ಎಷ್ಟೋ ಊರಲ್ಲಿ ನಿನ್ನ ಮಾನ ಉಳಿಸಿದ್ದು ನನ್ನ ಮನೆಗೆ ಬಂದು ಕೆಟ್ಟಿತೇ? ಅಥವಾ ಕೆಟ್ಟದ್ದನ್ನೇ ಅಕ್ಕನಿಗೆ ಕಳಿಸಿದೆಯಾ? ಹಾಗೆ ಬರೆಯಬಾರದು, ಗೊತ್ತು. ಬರೆದು ಅಳಿಸಿದೆ, ಮತ್ತೆ ಬರೆದೆ. ಇರಲಿ ಬಿಡು.

ಮೇಡಂ ದೊಡ್ಡ ವಿಚಾರಣೆಯ ಕೆಲಸವನ್ನು ಬೇರೆಯವಳಿಗೆ ಕೊಟ್ಟರು. ನನಗೆ ಉಳಿದಿರುವುದು ಸಣ್ಣಪುಟ್ಟದ್ದು. ಬೆರಳು ತುಂಡಾಗಿದ್ದು, ಏಣಿಯಿಂದ ಬಿದ್ದಿದ್ದು. ಆ ಜನರೂ ಪಾಪ ಏನೇನೋ ಹೇಳಿಕೊಳ್ಳುತ್ತಿರುತ್ತಾರೆ. ಎರಡೆರಡು ಸಲ ಕೇಳಲು ಹೊತ್ತು ಸಾಲದೆ ನಾನು "ಕೇಳಿಸುತ್ತಿಲ್ಲ" ಎಂದು ಬರೆಯುತ್ತೇನೆ. ನಾಚಿಕೆಯಾಗುತ್ತದೆ.

ಹೋದ ವಾರ ರಸ್ತೆ ದಾಟುವಾಗ ಒಬ್ಬ ಸೈಕಲ್‌ನವನು ಮೈಮೇಲೇ ಬಂದ. "ಅಷ್ಟು ಬೆಲ್ ಹೊಡೆದರೂ ಕೇಳಿಸಲ್ವಾ?" ಎಂದು ಕೂಗಾಡಿದ. ಎಲ್ಲಿ ಹೊಡೆದ? ಹೊಡೆದೇ ಇಲ್ಲ. ಮೊಣಕೈ ತರಚಿದೆ, ಅಷ್ಟೆ.

ಫೋನ್ ಎಡಗಿವಿಗೆ. ಬಲಗೈಲಿ ಬರೆದುಕೊಳ್ಳಬೇಕಲ್ಲ. ಯಾಕೆ ಕೇಳಿದೆ?

ಅಕ್ಕ


ಮಾರ್ಚ್ ೨೪

ಅಕ್ಕಾ,

ಈ ಕಾಗದ ಓದೋ ಮುಂಚೆ ಭಾವನನ್ನ ಪಕ್ಕಕ್ಕೆ ಕರೆದು ಕೂರಿಸಿಕೋ. ಒಬ್ಬಳೇ ಇದ್ದರೆ ಅವರು ಬರೋವರೆಗೂ ಓದಬೇಡ.

ವೈರು ಬದಲಾಯಿಸಿದೆವು. ಪೆಟ್ಟಿಗೆ ಬದಲಾಯಿಸಿದೆವು. ಆಂಪ್ಲಿಫೈಯರ್ ಮೂರು ಆಯಿತು. ಕೋಣೆಯನ್ನೂ ತಿರುಗಿಸಿದೆವು. ಎಲ್ಲರೂ ನಿರಪರಾಧಿಗಳು. ನಾವು ಬದಲಾಯಿಸದೆ ಬಿಟ್ಟಿರೋದು ಒಂದೇ ಒಂದು.

ಯಾವುದನ್ನೂ ಮುಟ್ಟಬೇಡ. ರೆಕಾರ್ಡಿಂಗ್ ಹಾಕು. ಕುರ್ಚಿ ತಿರುಗಿಸಿ ಕಂಪ್ಯೂಟರ್‌ಗೆ ಬೆನ್ನು ಹಾಕಿ ಕೂತ್ಕೋ. ಆಗ ಎಡಗಡೆಯ ಸ್ಪೀಕರ್ ನಿನ್ನ ಬಲಕ್ಕೆ ಬರುತ್ತೆ, ಬಲದ್ದು ಎಡಕ್ಕೆ. ಕೇಳು.

ಭಾವ ಎರಡೂ ಒಂದೇ ಥರ ಅಂದರು ಅಂತ ನೀನು ಬರೆದ ದಿನವೇ ನನಗೆ ಅನುಮಾನ ಬಂದಿತ್ತು. ಹೇಳೋ ಧೈರ್ಯ ಬರದೆ ಕರ್ಟನ್ ಕಥೆ ಕಟ್ಟಿದೆ. ನನ್ನ ಆಂಪ್ಲಿಫೈಯರಾದರೂ ನನ್ನನ್ನ ಸುಳ್ಳು ಮಾಡಲಿ ಅಂತ ಕಳಿಸಿದೆ. ಅದು ಕೆಟ್ಟಿದ್ದಿದ್ದರೆ ನಾನು ಕುಣಿದಾಡ್ತಿದ್ದೆ.

ಬರೆ.

ತರಲೆ


ಏಪ್ರಿಲ್ ೧೦

ಅಕ್ಕಾ,

ನೀನು ಬರೆದಿಲ್ಲ. ಭಾವನಿಗೆ ಫೋನ್ ಮಾಡಿದೆ. "ಅವಳು ಕುರ್ಚಿ ತಿರುಗಿಸಿದಳು, ಆಮೇಲೆ ಅಡುಗೆಮನೆಗೆ ಹೋದಳು" ಅಂದರು. 

ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆ. ಡಾಕ್ಟರ ಹತ್ತಿರ ಹೋಗು. ಇಲ್ಲ ಅಂದರೆ ನಾಟಕ ಬಿಟ್ಟು ಬಂದು ನಿನ್ನ ಬಾಗಿಲ ಮುಂದೆ ಕೂತ್ಕೋತೀನಿ. ನನ್ನ ಹಠ ನಿನಗೆ ಗೊತ್ತು.

ತರಲೆ


ಏಪ್ರಿಲ್ ೨೮

ಪ್ರೀತಿಯ ತರಲೆ,

ಸಿಟ್ಟು ಇತ್ತು. ಈಗಿಲ್ಲ. ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕು.

ಕುರ್ಚಿ ತಿರುಗಿಸಿ ಕೂತೆ. ಎದುರಿಗೆ ಮಂಚ, ಮಂಚದ ಮೇಲೆ ನಿನ್ನ ಭಾವ. ಬೆನ್ನ ಹಿಂದೆ ವಿಚಾರಣೆ ನಡೆಯುತ್ತಿತ್ತು. ಇಷ್ಟು ದಿನ ಮಂಕಾಗಿದ್ದ ಪೆಟ್ಟಿಗೆ ನನ್ನ ಬಲಗಡೆಯಿಂದ ಗಟ್ಟಿಯಾಗಿ, ಸ್ಪಷ್ಟವಾಗಿ ಮಾತಾಡಿತು. ಯಾರೋ ಏಣಿಯಿಂದ ಬಿದ್ದವರು, ಏಣಿಯ ಮೆಟ್ಟಿಲು ಮೊದಲೇ ಸಡಿಲವಾಗಿತ್ತು, ಹೇಳಿದರೆ ಯಾರೂ ಕೇಳಿಸಿಕೊಳ್ಳಲಿಲ್ಲ ಎನ್ನುತ್ತಿದ್ದರು. ಇನ್ನೊಂದು ಪೆಟ್ಟಿಗೆ ಎಡಗಡೆ ಹೋಗಿ ಗೊಣಗಿತು. ನಿನ್ನ ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ಎದ್ದು ಹೋಗಿ ಟೀ ಇಟ್ಟೆ. ಉಕ್ಕಿ ಚೆಲ್ಲಿತು.

ಎರಡು ವಾರ ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ನಿಜವಾಗುವುದಿಲ್ಲ ಎಂಬ ಹಾಗೆ. ಕೊನೆಗೆ ಇವರೇ ಒಂದು ದಿನ ಚಪ್ಪಲಿ ಮೆಟ್ಟಿಕೊಂಡು, ನನ್ನ ಕೈಚೀಲ ತಾವೇ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಹೋದೆ.

ದಪ್ಪ ಗೋಡೆಯ ಒಂದು ಚಿಕ್ಕ ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದು ಹೇಳಿ, ಪರೀಕ್ಷೆ ಮಾಡುವವರು ಗಾಜಿನ ಆಚೆ ಕೂತರು. ಬಲಗಡೆ ಸಣ್ಣ ಸಣ್ಣ ಸದ್ದಿಗೂ ಒತ್ತಿದೆ. ಶಾಲೆಯ ಮಗುವಿನ ಹಾಗೆ ಒಂದೂ ಬಿಡದೆ ಒತ್ತಿದೆ. ಆಮೇಲೆ ಎಡಗಡೆ ಶುರು ಮಾಡುತ್ತೇನೆ ಎಂದರು. ಯಾವಾಗ ಶುರು ಮಾಡುತ್ತಾರೋ ಎಂದು ಬೆರಳು ಗುಂಡಿಯ ಮೇಲೆ ಇಟ್ಟುಕೊಂಡು ಕಾಯುತ್ತಾ ಕೂತೆ. ಗಾಜಿನ ಆಚೆ ಅವರು ಎದ್ದು ನಿಂತು ಬಾಗಿಲು ತೆಗೆದರು. ಪರೀಕ್ಷೆ ಮುಗಿದಿತ್ತು.

ಒಳಗಿನ ನರದ ತೊಂದರೆಯಂತೆ. ಯಾಕೆ ಬಂತು ಎಂದು ಹೇಳಲಾಗುವುದಿಲ್ಲವಂತೆ. ಹೊಸದರಲ್ಲೇ ಬಂದಿದ್ದರೆ ಔಷಧಿ ಪ್ರಯತ್ನಿಸಬಹುದಿತ್ತು ಎಂದರು ಡಾಕ್ಟರು. ಹೊಸದರಲ್ಲಿ ನಾನು ಹೆಡ್‌ಫೋನ್ ಎಸೆಯುತ್ತಿದ್ದೆನಲ್ಲ. ಬಲಗಿವಿ ಪೂರ್ತಿ ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು.

ಪಾಪ, ಆ ಅಂಗಡಿಯವನನ್ನು ಎಷ್ಟು ಬೈದೆ. ಇವರ ಕಿವಿಯನ್ನೂ ಬೈದೆ. ಬರುವಾಗ ಬಸ್ಸಿನಲ್ಲಿ ಇವರು ಏನೋ ಹೇಳುತ್ತಿದ್ದರು, ನನ್ನ ಎಡಗಡೆ ಕೂತಿದ್ದರು. ಗೊತ್ತಾದವರೇ ಎದ್ದು, ಜನರ ಕಾಲು ತುಳಿದುಕೊಂಡು ಈ ಕಡೆ ಬಂದು ಕೂತರು. 

ಕೇಳುವುದೇ ನನ್ನ ಕೆಲಸ. ಅದು ಅರ್ಧ ಹೋದ ಮೇಲೆ ಮೇಡಂಗೆ ಏನು ಹೇಳಲಿ? ಈ ಸ್ಪೀಕರ್‌ಗಳನ್ನು ಮಾರಿಬಿಡಲೇ? ಹೆದರಿಕೆಯಾಗುತ್ತಿದೆ ತರಲೆ.

ನಿನ್ನ ಅಕ್ಕ


ಮೇ ೧

ಅಕ್ಕಾ,

ಓದಿ ಸ್ಟೇಜ್ ಹಿಂದೆ ಹೋಗಿ ಅತ್ತೆ. ದೀಪದವರು ಬಂದು ಏನಾಯಿತು ಅಂದರು, ಧೂಳು ಅಂದೆ. ಈಗ ಮುಖ ತೊಳೆದು ಬಂದು ಕೂತಿದ್ದೀನಿ. ಸರಿಯಾಗಿ ಕೇಳಿಸಿಕೋ.

ಮಾರಬೇಡ. ಆಂಪ್ಲಿಫೈಯರ್ ಹಿಂದೆ ಕೆಂಪು ಗುಂಡಿ ಮುಟ್ಟಬೇಡ ಅಂದಿದ್ದೆನಲ್ಲ, ಅದನ್ನ ಒತ್ತು. ಒಂದು ಸ್ಪೀಕರ್ ಸಾಕು. ಅದನ್ನ ನಿನ್ನ ಬಲಗಡೆ ಇಡು, ಸ್ವಲ್ಪ ನಿನ್ನ ಕಡೆ ತಿರುಗಿಸಿ. ಅಧಿಕಾರಿ, ಪೆಟ್ಟು ತಿಂದವರು ಇಬ್ಬರೂ ಅದರಲ್ಲೇ ಬರ್ತಾರೆ. ನಿನ್ನ ಒಂದು ಕಿವಿ ಇಡೀ ನಾಟಕ ಕೇಳಿಸಿಕೊಳ್ಳುತ್ತೆ. ಎಷ್ಟು ಕುರ್ಚಿಗಳಿಗೆ ನಾನು ಇದನ್ನ ಮಾಡಿದ್ದೀನಿ, ನನ್ನ ಅಕ್ಕನ ಕುರ್ಚಿಗೆ ಮಾಡೋದು ಇಷ್ಟು ದಿನ ಹೊಳೀಲಿಲ್ಲ ನೋಡು.

ಮೊದಲೇ ಗೊತ್ತಿದ್ದಿದ್ದರೆ ಒಂದೇ ಸ್ಪೀಕರ್ ಕೊಳ್ಳಬಹುದಿತ್ತು, ಕೋಟೂ ಬರ್ತಿತ್ತು. ನಗು ಬಂತಾ? ಬರಲಿಲ್ಲ ಅಂದರೆ ಬಿಡು.

ಮೇಡಂಗೆ ಏನು ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಮೊದಲು ಕೆಲಸ ಮಾಡಿ ತೋರಿಸು. ರಸ್ತೆ ದಾಟುವಾಗ ಕತ್ತು ತಿರುಗಿಸಿ ನೋಡು. ಫೋನು ಬಲಗಿವಿಗೆ, ಎಡಗೈಲಿ ಬರೆಯೋದು ಕಲಿ. ನಿನ್ನ ಅಕ್ಷರ ಮೊದಲೇ ಯಾರಿಗೂ ಅರ್ಥ ಆಗ್ತಿರಲಿಲ್ಲ, ನಷ್ಟ ಏನಿಲ್ಲ.

ಮಳೆ ಶುರುವಾಗೋ ಮುಂಚೆ ಬರ್ತೀನಿ. ತಂಡಕ್ಕೆ ರಜ.

ತರಲೆ


ಮೇ ೨೦

ಪ್ರೀತಿಯ ತರಲೆ,

ಕೋಟಿನ ಮಾತಿಗೆ ನಗು ಬಂತು. ಇವರಿಗೆ ಓದಿ ಹೇಳಿದೆ, ಅವರಿಗೆ ಬರಲಿಲ್ಲ. ಸರಿ, ನಾನೊಬ್ಬಳೇ ನಕ್ಕೆ.

ಗುಂಡಿ ಒತ್ತಿದೆ. ಒಡೆದ ಮೂಲೆಯ ಪೆಟ್ಟಿಗೆಯನ್ನೇ ಬಲಗಡೆಗೆ ಇಟ್ಟುಕೊಂಡೆ, ನನಗೆ ಅದೇ ಸರಿ ಎನಿಸಿತು. ಇಷ್ಟು ದಿನ ಮೇಜಿನ ಎರಡು ತುದಿಯಲ್ಲಿ ಕೂತು, ಒಬ್ಬರ ಮಾತು ಒಬ್ಬರಿಗೆ ತಲುಪದ ಹಾಗೆ ಇದ್ದವರು, ನಿನ್ನ ಗುಂಡಿಯಿಂದ ಅಕ್ಕಪಕ್ಕ ಬಂದು ಕೂತರು. ಪ್ರಶ್ನೆ ಬಂದ ಜಾಗದಿಂದಲೇ ಉತ್ತರವೂ ಬಂತು. ಒಂದು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯಿತು. "ಕೇಳಿಸುತ್ತಿಲ್ಲ" ಎಂದು ಒಂದು ಕಡೆಯೂ ಬರೆಯಲಿಲ್ಲ.

ಪುಟ ನೋಡಿ ಮೇಡಂ ಬರೆದರು: "ಹೊಸ ಸ್ಪೀಕರ್ ಬಹಳ ಚೆನ್ನಾಗಿದೆ ಅಂತ ಕಾಣುತ್ತೆ. ಯಾವ ಕಂಪನಿಯದು? ಬೇರೆಯವರಿಗೂ ಹೇಳ್ತೀನಿ." ಒಂದು ಹೆಸರು ಬರೆದು ಕಳಿಸಿದ್ದರೆ ಆಗಿಹೋಗುತ್ತಿತ್ತು. ಇಡೀ ದಿನ ಯೋಚಿಸಿದೆ. ಸುಳ್ಳು ಹೊತ್ತುಕೊಂಡು ತಿರುಗುವಷ್ಟು ತ್ರಾಣ ಇಲ್ಲ ಎನಿಸಿತು. ಸ್ಪೀಕರ್ ಮೊದಲಿನಿಂದಲೂ ಚೆನ್ನಾಗಿತ್ತು, ನನ್ನ ಎಡಗಿವಿ ಹೋಗಿದೆ, ಈಗ ಒಂದೇ ಕಡೆ ಕೇಳುತ್ತೇನೆ ಎಂದು ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿ, ಇವರಿಗೂ ಹೇಳಿದೆ. ಮೂರನೆಯ ದಿನ ಬಂತು. "ಪುಟ ಸರಿ ಇದ್ದರೆ ನಿಮಗೆ ಎಷ್ಟು ಕಿವಿ ಅಂತ ಕಚೇರಿ ಕೇಳಲ್ಲ. ದೊಡ್ಡ ವಿಚಾರಣೆ ಸದ್ಯಕ್ಕೆ ಅವರ ಹತ್ತಿರವೇ ಇರಲಿ, ಮುಂದೆ ನೋಡೋಣ" ಎಂದಿದ್ದರು. ಮುಂದೆ ನೋಡೋಣ ಎಂದರೆ ಏನೋ ಗೊತ್ತಿಲ್ಲ. ಸದ್ಯಕ್ಕೆ ಬಾಡಿಗೆ ಕಟ್ಟಬಹುದು.

ನಿನ್ನೆ ಒಂದು ರೆಕಾರ್ಡಿಂಗ್ ಬಂತು. ಬಟ್ಟೆ ಗಿರಣಿಯ ಹೆಂಗಸು, ಬೆರಳು ಹೋಗಿದೆ. ಎಲ್ಲ ಮುಗಿದ ಮೇಲೆ ಅಧಿಕಾರಿ ಕೇಳುತ್ತಾರೆ, "ಇನ್ನೇನಾದರೂ ಹೇಳೋದಿದೆಯಾ?" ಎಲ್ಲರಿಗೂ ಕೊನೆಗೆ ಇದನ್ನೇ ಕೇಳುತ್ತಾರೆ. ಆಕೆ, "ಸುಸ್ತಾಗಿದೆ. ಮನೆಗೆ ಹೋಗಬಹುದಾ?" ಎಂದಳು. ಅಧಿಕಾರಿಯ ದನಿ ಮೆತ್ತಗಾಯಿತು. "ಹೋಗಿ. ನಿಧಾನಕ್ಕೆ ಹೋಗಿ" ಎಂದರು. ಬೇರೆ ಬೇರೆ ಕೇಳಿ ಹೊಂದಿಸುತ್ತಿದ್ದಾಗ ಆ ಮೆತ್ತಗಾಗಿದ್ದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಟೈಪ್ ಮಾಡಿ ನಿಲ್ಲಿಸಿ, ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ನನಗಾಗಿ ಅತ್ತಿದ್ದು ಅದೇ ಮೊದಲು.

ಉಳಿದ ಸ್ಪೀಕರ್ ಹಾಸಿಗೆಯ ಹತ್ತಿರದ ಸ್ಟೂಲ್ ಮೇಲಿದೆ. ಇವರು ಅದರ ಮೇಲೆ ಕನ್ನಡಕ ಇಡುತ್ತಾರೆ. ನೀನು ಬಂದಾಗ ತೆಗೆದುಕೊಂಡು ಹೋಗು.

ಇನ್ನೊಂದು. ಚಿಕ್ಕಂದಿನಲ್ಲಿ ನೀನು ಯಾವಾಗಲೂ ನನ್ನ ಎಡಗಡೆ ಮಲಗುತ್ತಿದ್ದೆ. ದೀಪ ಆರಿಸಿದ ಮೇಲೂ ಬಾಯಿ ಮುಚ್ಚುತ್ತಿರಲಿಲ್ಲ. ಸುಮ್ಮನೆ ಮಲಗೇ ಎಂದು ಎಷ್ಟು ಸಲ ಗದರಿದ್ದೇನೆ. ಈ ಸಲ ನಿನ್ನ ಹಾಸಿಗೆ ಬಲಗಡೆ ಹಾಕಿದ್ದೇನೆ. ಎಷ್ಟು ಬೇಕಾದರೂ ಮಾತಾಡು.

ನಿನ್ನ ಅಕ್ಕ